ಚಾಂಗ್‌ಥಾಂಗ್‌ನಲ್ಲಿ ಹುಲ್ಲಿನ ಲೆಕ್ಕ, ಕೈಗಳ ಲೆಕ್ಕ

ಬೆಂಗಳೂರಿನ ಪಕ್ಕದ ಹೊಸಕೋಟೆಯಲ್ಲಿ ಭಾರತೀಯ ಖಗೋಳ ಭೌತ ಸಂಸ್ಥೆಯ ಒಂದು ಕೇಂದ್ರವಿದೆ. ಅಲ್ಲಿ ಕೂತವರು ರಾತ್ರಿಯೆಲ್ಲ ಒಂದು ದೂರದರ್ಶಕವನ್ನು ನಡೆಸುತ್ತಾರೆ. ದೂರದರ್ಶಕ ಮಾತ್ರ ಇರುವುದು ಲಡಾಖ್‌ನ ಹಾನ್ಲೆಯಲ್ಲಿ, ಸುಮಾರು 4,500 ಮೀಟರ್ ಎತ್ತರದ ಗುಡ್ಡದ ಮೇಲೆ. ಎರಡು ಮೀಟರ್ ಅಗಲದ ಕನ್ನಡಿಯನ್ನು ಅಷ್ಟು ದೂರ ಸಾಗಿಸಿದ್ದಕ್ಕೆ ಕಾರಣ ಅಲ್ಲಿನ ಆಕಾಶ. ಮೋಡ ಕಡಿಮೆ, ಗಾಳಿಯಲ್ಲಿ ತೇವ ತೀರಾ ಕಡಿಮೆ. ನಕ್ಷತ್ರ ನೋಡುವವರಿಗೆ ಇದಕ್ಕಿಂತ ಇನ್ನೇನು ಬೇಕು? ಆದರೆ ಅದೇ ಗುಡ್ಡದ ಬುಡದಲ್ಲಿ ಮೇಕೆ ಮೇಯಿಸುವವರಿದ್ದಾರೆ. ಮಳೆ ಇಲ್ಲ ಅಂದರೆ ಹುಲ್ಲೂ ಇಲ್ಲ, ಅಲ್ವಾ?

ಈ ಸೀಮೆಯ ಹೆಸರು ಚಾಂಗ್‌ಥಾಂಗ್. ಟಿಬೆಟ್‌ನ ದೊಡ್ಡ ಪ್ರಸ್ಥಭೂಮಿ ಪಶ್ಚಿಮಕ್ಕೆ ಚಾಚಿಕೊಂಡು ಪೂರ್ವ ಲಡಾಖ್‌ನಲ್ಲಿ ಮುಗಿಯುತ್ತದೆ. ಆ ತುದಿಯೇ ಇದು. ಇಲ್ಲಿನ ದನಗಾಹಿಗಳು ಚಾಂಗ್‌ಪಾಗಳು. ರುಪ್ಶು, ಖರ್ನಾಕ್, ಕೋರ್ಜೋಕ್ ಕಡೆಯವರು ಈಗಲೂ ಗುಡಾರ ಹೊತ್ತು ಸಾಗುತ್ತಾರೆ. 1989ರಲ್ಲಿ ಇವರನ್ನು ಪರಿಶಿಷ್ಟ ಪಂಗಡಕ್ಕೆ ಸೇರಿಸಲಾಯಿತು. ಇವರ ಬಗ್ಗೆ ಬರುವ ಬಹಳಷ್ಟು ಬರಹಗಳು ಚಳಿಯ ವರ್ಣನೆಯಲ್ಲೇ ಮುಗಿದುಬಿಡುತ್ತವೆ. ಚಳಿ ಇದೆ, ಸುಳ್ಳಲ್ಲ. ಜನವರಿಯಲ್ಲಿ ಮೈನಸ್ 30 ಡಿಗ್ರಿ ಅಲ್ಲಿ ದೊಡ್ಡ ಸುದ್ದಿ ಏನಲ್ಲ. ಆದರೆ ಆ ಚಳಿಗೆ ಅವರ ಹತ್ತಿರ ಎಂದಿನಿಂದಲೋ ಉತ್ತರ ಇದೆ. ಇವರ ದಿನವನ್ನು ನಡೆಸುವುದು ಎರಡು ಲೆಕ್ಕಗಳು. ಎಲ್ಲಿ ಎಷ್ಟು ಹುಲ್ಲಿದೆ ಅನ್ನುವುದು ಒಂದು. ಮನೆಯಲ್ಲಿ ದುಡಿಯುವ ಕೈ ಎಷ್ಟಿವೆ ಅನ್ನುವುದು ಇನ್ನೊಂದು.

ಮೊದಲು ಹುಲ್ಲು. ಚಾಂಗ್‌ಥಾಂಗ್‌ನಲ್ಲಿ ಹುಲ್ಲು ಚಿಗುರುವುದು ಹೆಚ್ಚೂಕಡಿಮೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ. ಉಳಿದ ಎಂಟು ತಿಂಗಳು ಪ್ರಾಣಿಗಳು ಬದುಕುವುದು ಒಣಗಿ ನಿಂತ ಹುಲ್ಲಿನ ಮೇಲೆ. ಹಿಮ ಕರಗಿದ ನೀರು ಹರಿಯುವ ಕಡೆ ಮಾತ್ರ ದಟ್ಟ ಹಸಿರು. ಬೇರೆಲ್ಲ ಕಡೆ ಒಂದು ಕಂತೆ ಇಲ್ಲಿ, ಇನ್ನೊಂದು ಅಲ್ಲಿ, ನಡುವೆ ಬರೀ ಜಲ್ಲಿ. ಒಂದೇ ಜಾಗದಲ್ಲಿ ಮಂದೆ ಬಹಳ ದಿನ ನಿಂತರೆ ಹುಲ್ಲು ಬೇರು ಸಮೇತ ಹೋಗುತ್ತದೆ. ಹಾಗಾಗಿ ವರ್ಷಕ್ಕೆ ಹಲವು ಸಲ ಬಿಡಾರ ಎತ್ತಬೇಕು.

ಇಲ್ಲೊಂದು ವಿಷಯ ಗಮನಿಸಬೇಕು. ಹಿಮಾಚಲದ ಗದ್ದಿಗಳಾಗಲಿ, ಜಮ್ಮುವಿನ ಬಕರ್ವಾಲರಾಗಲಿ ಬೇಸಿಗೆಯಲ್ಲಿ ಬೆಟ್ಟ ಹತ್ತುತ್ತಾರೆ, ಚಳಿಗಾಲಕ್ಕೆ ಬೆಚ್ಚಗಿನ ತಗ್ಗಿಗೆ ಇಳಿಯುತ್ತಾರೆ. ಚಾಂಗ್‌ಪಾಗಳಿಗೆ ಆ ದಾರಿ ಇಲ್ಲ. ವರ್ಷಪೂರ್ತಿ 4,000 ಮೀಟರ್‌ಗಿಂತ ಮೇಲೇ ಇರುತ್ತಾರೆ. ಚಳಿಗಾಲದ ಬೀಡಿಗೆ ಅವರು ನೋಡುವುದು ಬೆಚ್ಚಗಿದೆಯಾ ಅಂತ ಅಲ್ಲ, ಹಿಮ ನಿಲ್ಲುತ್ತದಾ ಅಂತ. ಜೋರು ಗಾಳಿ ಹಿಮವನ್ನು ಗುಡಿಸಿಹಾಕುವ ಇಳಿಜಾರು ಇದ್ದರೆ ಒಣಹುಲ್ಲು ತೆರೆದಿರುತ್ತದೆ. ನಮಗೆ ನಿಲ್ಲಲಾಗದ ಗಾಳಿಯೇ ಅಲ್ಲಿ ಮಂದೆಯನ್ನು ಉಳಿಸುತ್ತದೆ. ಬೇಸಿಗೆಯಲ್ಲಿ ಎಷ್ಟೇ ಹಸಿರಾಗಿ ಕಂಡರೂ ಚಳಿಗಾಲದ ಕಾವಲಿಗೆ, ಅಂದರೆ ಆಗ ಮೇಯಿಸುವ ಬಯಲಿಗೆ, ಯಾರೂ ಮಂದೆ ಬಿಡುವುದಿಲ್ಲ. ಅದು ಮುಂದಿನ ತಿಂಗಳುಗಳಿಗೆ ಎತ್ತಿಟ್ಟ ಬುತ್ತಿ.

ಯಾರು ಬೇಕಾದರೂ ಎಲ್ಲಿ ಬೇಕಾದರೂ ಮೇಯಿಸಬಹುದು ಅಂದುಕೊಂಡರೆ ತಪ್ಪು. ಪ್ರತಿ ಗುಂಪಿಗೂ ಒಬ್ಬ ಮುಖ್ಯಸ್ಥ ಇರುತ್ತಾನೆ. ಅವನನ್ನು ಗೋಬಾ ಎನ್ನುತ್ತಾರೆ. ಈ ಜವಾಬ್ದಾರಿ ಮನೆಗಳ ನಡುವೆ ಸರದಿಯಲ್ಲಿ ಬರುತ್ತದೆ. ಯಾವಾಗ ಹೊರಡಬೇಕು, ಯಾವ ಕಾವಲು ಯಾರಿಗೆ ಅನ್ನುವುದನ್ನು ಅವನು ಹಿರಿಯರ ಜೊತೆ ಕೂತು ತೀರ್ಮಾನಿಸುತ್ತಾನೆ. ಒಬ್ಬರ ಮೇಕೆ ಹೆಚ್ಚಿವೆ, ಇನ್ನೊಬ್ಬರದು ಕಳೆದ ಚಳಿಗೆ ಸತ್ತಿವೆ ಅಂದರೆ ಹಂಚಿಕೆಯೂ ಬದಲಾಗುತ್ತದೆ. ಪ್ರಾಣಿಗಳು ಮನೆಯವರದು, ಹುಲ್ಲು ಎಲ್ಲರದು. ಹುಲ್ಲಿಗೆ ಬೇಲಿ ಹಾಕಿ ಪಟ್ಟಾ ಮಾಡಿಕೊಂಡಿದ್ದರೆ ಇಷ್ಟು ಒಣ ನೆಲದಲ್ಲಿ ಯಾರೂ ಉಳಿಯುತ್ತಿರಲಿಲ್ಲ ಎಂದು ನನಗೆ ಅನ್ನಿಸುತ್ತದೆ. ಒಂದು ವರ್ಷ ಹಿಮ ಬಿದ್ದ ಕಡೆ ಇನ್ನೊಂದು ವರ್ಷ ಬೀಳುವುದಿಲ್ಲ. ತುಂಡು ನೆಲ ಇಟ್ಟುಕೊಂಡವನು ಆಗ ಏನು ಮಾಡಬೇಕು?

ಮಂದೆಯಲ್ಲಿ ಒಂದೇ ಜಾತಿಯ ಪ್ರಾಣಿ ಇರುವುದಿಲ್ಲ. ಮೇಕೆ, ಕುರಿ, ಯಾಕ್, ಒಂದೆರಡು ಕುದುರೆ. ಯಾಕ್‌ಗಳನ್ನು ಎತ್ತರದ ಮೇವಿಗೆ ಬಿಟ್ಟರೆ ಕಾಯುವವರು ಬೇಕಿಲ್ಲ. ಹೆಣ್ಣು ಯಾಕ್ ಹಾಲು ಕೊಡುತ್ತದೆ, ಅದನ್ನು ಡ್ರಿ ಎನ್ನುತ್ತಾರೆ. ಗಂಡು ಯಾಕ್ ಹೇರು ಹೊರುತ್ತದೆ, ದಾರಿಯಲ್ಲಿ ಹಿಮ ತುಂಬಿದರೆ ಮುಂದೆ ನುಗ್ಗಿ ಉಳಿದವಕ್ಕೆ ಹಾದಿ ಮಾಡುತ್ತದೆ. ಕುರಿಗೆ ಹುಲ್ಲೇ ಆಗಬೇಕು. ಮೇಕೆ ಕುರುಚಲನ್ನೂ ಬಿಡುವುದಿಲ್ಲ. ಹೀಗೆ ಬಾಯಿಗಳು ಬೇರೆ ಬೇರೆಯಾದಷ್ಟೂ ನೆಲದ ಮೇವು ಪೂರ್ತಿ ಬಳಕೆಯಾಗುತ್ತದೆ. ಒಂದು ರೋಗಕ್ಕೋ ಒಂದು ಹಿಮಪಾತಕ್ಕೋ ಎಲ್ಲವೂ ಒಟ್ಟಿಗೆ ಹೋಗುವುದೂ ಇಲ್ಲ.

ಇನ್ನು ಮನೆ. ಯಾಕ್‌ನ ಕಪ್ಪು ಕೂದಲಿನಿಂದ ನೇಯ್ದ ಗುಡಾರಕ್ಕೆ ರೇಬೋ ಎನ್ನುತ್ತಾರೆ. ಉದ್ದುದ್ದ ಪಟ್ಟಿ ನೇಯ್ದು ಒಂದಕ್ಕೊಂದು ಸೇರಿಸಿ ಹೊಲಿಯುತ್ತಾರೆ. ಒಂದು ಪಟ್ಟಿ ಸವೆದರೆ ಅದನ್ನಷ್ಟೇ ಬಿಚ್ಚಿ ಹೊಸದು ಹಾಕಿದರಾಯಿತು, ಗುಡಾರ ಹಳೆಯದಾಗುವುದೇ ಇಲ್ಲ. ನೇಯ್ಗೆ ಸ್ವಲ್ಪ ಸಡಿಲ. ಹೊಗೆ ಹೊರಗೆ ಹೋಗುತ್ತದೆ, ಬೆಳಕು ತೂರಿ ಬರುತ್ತದೆ. ಒದ್ದೆಯಾದಾಗ ಕೂದಲು ಉಬ್ಬಿ ಸಂದು ಮುಚ್ಚಿಕೊಳ್ಳುತ್ತದೆ. ನೇಯ್ಗೆಯಲ್ಲೂ ಪಾಲು ಹಂಚಿದ್ದಾರೆ. ಕುರಿಯ ಉಣ್ಣೆ ಹೆಂಗಸರದು, ಅವರು ಸೊಂಟಕ್ಕೆ ಕಟ್ಟಿಕೊಳ್ಳುವ ಮಗ್ಗದಲ್ಲಿ ನೇಯುತ್ತಾರೆ. ಯಾಕ್ ಮತ್ತು ಮೇಕೆಯ ಒರಟು ಕೂದಲು ಗಂಡಸರದು, ಅವರ ಮಗ್ಗವೇ ಬೇರೆ. ಕದಿರು ಮಾತ್ರ ಎಲ್ಲರ ಕೈಯಲ್ಲೂ ತಿರುಗುತ್ತಿರುತ್ತದೆ. ಮಂದೆಯ ಹಿಂದೆ ನಡೆಯುವಾಗಲೂ ನೂಲು ಎಳೆಯುತ್ತಾರೆ, ಕೈ ಸುಮ್ನೆ ಇರಬಾರದು. ಆದರೆ ರೇಬೋ ತುಂಬಾ ಭಾರ. ಹೇರು ಯಾಕ್‌ನಿಂದ ಪಿಕಪ್ ಗಾಡಿಗೆ ಬಂದ ಮೇಲೆ, ಯಾಕ್‌ಗಳ ಸಂಖ್ಯೆಯೂ ಇಳಿದ ಮೇಲೆ, ಬಿಳಿ ಬಟ್ಟೆಯ ಹಗುರ ಡೇರೆಗಳೇ ಜಾಸ್ತಿ. ಅದರ ಮೇಲೊಂದು ಸೋಲಾರ್ ಫಲಕ, ಒಳಗೆ ತಗಡಿನ ಒಲೆ, ಎದುರು ಗೋಡೆಯ ಬದಿಗೆ ದೇವರ ಪಟ ಮತ್ತು ಬೆಣ್ಣೆ ದೀಪ.

ಬೆಳಕು ಹರಿಯುವ ಮುಂಚೆ ಮನೆಯ ಹೆಂಗಸು ಏಳುತ್ತಾಳೆ. ಮರ ಅನ್ನುವುದು ಅಲ್ಲಿ ಇಲ್ಲ. ಉರುವಲು ಅಂದರೆ ಯಾಕ್ ಸಗಣಿ, ಮೇಕೆ ಹಿಕ್ಕೆ, ಬುರ್ತ್ಸೆ ಅನ್ನುವ ಕುರುಚಲು ಗಿಡದ ಬೇರು. ನಮ್ಮ ಬಯಲುಸೀಮೆಯಲ್ಲಿ ಕುರುಬರ ಮಂದೆಯನ್ನು ಹೊಲದಲ್ಲಿ ತಂಗಿಸಿಕೊಂಡ ರೈತ ಆ ಗೊಬ್ಬರಕ್ಕಾಗಿ ಕಾಳೋ ದುಡ್ಡೋ ಕೊಡುತ್ತಾನೆ. ಚಾಂಗ್‌ಥಾಂಗ್‌ನಲ್ಲಿ ಅದೇ ಹಿಕ್ಕೆ ಒಲೆಗೆ ಬೇಕು. ಚಳಿಗಾಲವೆಲ್ಲ ಕಲ್ಲಿನ ದೊಡ್ಡಿಯಲ್ಲಿ ತುಳಿದು ಗಟ್ಟಿಯಾದದ್ದನ್ನು ಹೆಂಟೆ ಹೆಂಟೆಯಾಗಿ ಕಿತ್ತು ಒಣಗಿಸಿಡುತ್ತಾರೆ. ಇಷ್ಟು ಎತ್ತರದಲ್ಲಿ ಗಾಳಿ ತೆಳು, ಬೆಂಕಿ ಹತ್ತುವುದು ನಿಧಾನ. ಅದಕ್ಕೇ ಮೇಕೆ ಚರ್ಮದ ತಿದಿ ಒಲೆಯ ಪಕ್ಕದಲ್ಲೇ ಇರುತ್ತದೆ.

ನೀರು ಅಲ್ಲಿ ಸುಮಾರು 85 ಡಿಗ್ರಿಗೇ ಕುದಿಯುತ್ತದೆ. ಎಷ್ಟು ಹೊತ್ತು ಕುದಿಸಿದರೂ ಅದಕ್ಕಿಂತ ಬಿಸಿ ಏರುವುದಿಲ್ಲ. ಬೇಳೆ ಹಾಕಿ ಕೂತರೆ ಸಗಣಿ ಮುಗಿಯುತ್ತದೆ, ಬೇಳೆ ಬೇಯುವುದಿಲ್ಲ. ಈಗ ಪ್ರೆಷರ್ ಕುಕ್ಕರ್ ಬಂದಿದೆ, ಅಕ್ಕಿಯೂ ಬೇಯುತ್ತದೆ. ಅದಕ್ಕೂ ಮುಂಚಿನ ಉಪಾಯ ಹುರಿಹಿಟ್ಟು. ಕೆಳಗಿನ ಊರುಗಳಲ್ಲಿ ಬೆಳೆದ ಬಾರ್ಲಿಯನ್ನು ಹುರಿದು ಬೀಸಿಟ್ಟರೆ ಮತ್ತೆ ಬೇಯಿಸುವ ಕೆಲಸವೇ ಇಲ್ಲ. ಬಟ್ಟಲಲ್ಲಿ ಉಪ್ಪಿನ ಚಹಾ ಹಾಕಿ, ಹಿಟ್ಟು ಸುರಿದು, ಬೆರಳಲ್ಲೇ ಕಲಸಿ ಉಂಡೆ ಕಟ್ಟಿ ತಿನ್ನುತ್ತಾರೆ. ಆ ಚಹಾದಲ್ಲಿ ಉಪ್ಪು, ಸೋಡಾ, ಬೆಣ್ಣೆ ಇರುತ್ತವೆ. ಮರದ ಕೊಳವೆಯಲ್ಲಿ ಹಾಕಿ ಕಡೆಯುತ್ತಾರೆ. ಪ್ರವಾಸಿಗರು ಒಂದು ಗುಟುಕಿಗೇ ಮುಖ ಸಿಂಡರಿಸುತ್ತಾರೆ. ಅದನ್ನು ಚಹಾ ಎಂದುಕೊಂಡು ಕುಡಿಯುವುದೇ ತಪ್ಪು, ಸಾರು ಎಂದುಕೊಂಡರೆ ಹಿಡಿಸುತ್ತದೆ. ಒಣ ಗಾಳಿಯಲ್ಲಿ ಕಳೆದುಹೋಗುವ ನೀರು, ಉಪ್ಪು, ಚಳಿಯಲ್ಲಿ ಬೇಕಾಗುವ ಕೊಬ್ಬು, ಮೂರೂ ಒಂದೇ ಬಟ್ಟಲಲ್ಲಿ.

ಬೇಸಿಗೆಯ ಬೆಳಗಿನ ದೊಡ್ಡ ಕೆಲಸ ಹಾಲು ಕರೆಯುವುದು. ನೂರಾರು ಮೇಕೆಗಳನ್ನು ಒಂದೊಂದಾಗಿ ಹಿಡಿದು ಕರೆಯುವುದು ಹೇಗೆ? ಒಂದು ಉದ್ದ ಹಗ್ಗ ಸಾಕು. ಮೇಕೆಗಳನ್ನು ಎರಡು ಸಾಲಾಗಿ, ಮುಖಕ್ಕೆ ಮುಖ ಮಾಡಿ ನಿಲ್ಲಿಸುತ್ತಾರೆ. ಈ ಸಾಲಿನ ಒಂದರ ಕತ್ತು, ಆ ಸಾಲಿನ ಒಂದರ ಕತ್ತು, ಹೀಗೆ ಹೆಣೆಯುತ್ತ ಹಗ್ಗ ಸುತ್ತಿಕೊಂಡು ಹೋಗುತ್ತಾರೆ. ಕೊನೆಗೆ ತಲೆಗಳೆಲ್ಲ ನಡುವೆ ಜಡೆ ಹೆಣೆದ ಹಾಗೆ ಸಿಕ್ಕಿಕೊಂಡಿರುತ್ತವೆ, ಹಿಂಭಾಗ ಎರಡೂ ಕಡೆ ಹೊರಗೆ. ಹೆಂಗಸರು ಹಿಂದಿನಿಂದ ಕುಕ್ಕರುಗಾಲಲ್ಲಿ ಸರಿಯುತ್ತ ಕರೆಯುತ್ತಾರೆ. ಒಂದೊಂದರಿಂದ ಬರುವುದು ನಾಲ್ಕಾರು ಹಿಂಡು ಹಾಲು ಮಾತ್ರ, ಮರಿಗೂ ಬಿಡಬೇಕಲ್ಲ. ಮುಗಿದ ಮೇಲೆ ಹಗ್ಗದ ತುದಿ ಜಗ್ಗಿದರೆ ಗಂಟು ತಾನೇ ಬಿಚ್ಚಿಕೊಳ್ಳುತ್ತದೆ, ಮಂದೆ ಒಂದೇ ಸಲಕ್ಕೆ ಚೆದುರುತ್ತದೆ. ನಂತರ ಮೊಸರು, ಬೆಣ್ಣೆ. ಉಳಿದ ಮಜ್ಜಿಗೆ ಕಾಯಿಸಿ ಬಂದ ಗಿಣ್ಣನ್ನು ಬಿಸಿಲಲ್ಲಿ ಹರಡಿ ಒಣಗಿಸಿದರೆ ಛುರ್ಪೆ. ಕಲ್ಲಿನಷ್ಟು ಗಟ್ಟಿಯಾದ ಅದು ಚಳಿಗಾಲದ ಸಾರಿಗೆ ಬೀಳುತ್ತದೆ.

ಬಿಸಿಲು ಏರುವ ಹೊತ್ತಿಗೆ ಒಬ್ಬರು ಮಂದೆಯ ಹಿಂದೆ ಹೊರಡಬೇಕು. ಕೈಯಲ್ಲಿ ಉಣ್ಣೆಯಲ್ಲಿ ಹೆಣೆದ ಕವಣೆ. ಮುಂದೆ ಓಡಿದ ಮೇಕೆಯ ಎದುರಿಗೆ ಕಲ್ಲು ಬೀಳುವ ಹಾಗೆ ಬೀಸಿದರೆ ಅದು ಹಿಂದೆ ತಿರುಗುತ್ತದೆ. ಮೇಕೆಗೆ ಹೊಡೆಯುವುದಿಲ್ಲ, ದಾರಿಗೆ ಹೊಡೆಯುತ್ತಾರೆ. ಸಂಜೆ ದೊಡ್ಡಿಗೆ ಬಂದಾಗ ಎಣಿಕೆ. ಒಂದು ಕಡಿಮೆ ಬಿದ್ದರೂ ಯಾರಾದರೂ ಕತ್ತಲಲ್ಲಿ ಹೊರಡಲೇಬೇಕು, ಯಾಕೆಂದರೆ ತೋಳ ಕಾಯುವುದಿಲ್ಲ. ಹಿಮಚಿರತೆ ದೊಡ್ಡಿಗೇ ಹಾರಿದರೆ ಒಂದೇ ರಾತ್ರಿ ಹತ್ತಾರು ಮೇಕೆ ಸಾಯುವುದುಂಟು. ಹಿಂದೆ ತೋಳ ಹಿಡಿಯಲು ಶಾಂಗ್‌ಡೊಂಗ್ ಎಂಬ ಕಲ್ಲಿನ ಗುಂಡಿ ಕಟ್ಟುತ್ತಿದ್ದರು. ಗೋಡೆ ಒಳಕ್ಕೆ ಬಾಗಿರುತ್ತದೆ, ಬಿದ್ದ ತೋಳ ಹತ್ತಲಾರದು. ಮೈಸೂರಿನಲ್ಲಿ ನೆಲೆ ಇರುವ ನೇಚರ್ ಕನ್ಸರ್ವೇಶನ್ ಫೌಂಡೇಶನ್‌ನವರು ಚುಶೂಲ್ ಊರಿನವರ ಜೊತೆ ಮಾತಾಡಿ, 2018ರಲ್ಲಿ ಅಂಥ ಗುಂಡಿಗಳನ್ನು ನಿಷ್ಕ್ರಿಯ ಮಾಡಿಸಿದರು. ಗುಂಡಿ ಒಡೆದುಹಾಕಲಿಲ್ಲ. ಒಳಗೆ ಬಿದ್ದ ಪ್ರಾಣಿ ಹತ್ತಿ ಹೋಗುವ ಹಾಗೆ ಕಲ್ಲು ಸರಿಸಿ, ಪಕ್ಕದಲ್ಲಿ ಒಂದು ಸ್ತೂಪ ಕಟ್ಟಿದರು. ದೊಡ್ಡಿಗೆ ಮೇಲ್ಗಡೆ ಬಲೆ ಹಾಕಿ ಭದ್ರ ಮಾಡದೆ ಬರೀ ತೋಳ ಉಳಿಸಿ ಎಂದರೆ ಯಾರು ಕೇಳುತ್ತಾರೆ? ಆ ಕೆಲಸವೂ ನಡೆದಿದೆ.

ವರ್ಷದಲ್ಲಿ ಎರಡು ಹೊತ್ತು ಕೈಗಳು ಸಾಲುವುದೇ ಇಲ್ಲ. ಒಂದು, ಚಳಿಗಾಲದ ಕೊನೆಗೆ ಮೇಕೆಗಳು ಮರಿ ಹಾಕುವಾಗ. ತಾಯಿ ಒಣಹುಲ್ಲು ತಿಂದು ಸೊರಗಿರುತ್ತದೆ, ಹುಟ್ಟಿದ ಮರಿ ಒದ್ದೆ, ಹೊರಗೆ ಕೊರೆಯುವ ಗಾಳಿ. ತಕ್ಷಣ ಒರೆಸಿ ಒಳಗೆ ತರದಿದ್ದರೆ ಮರಿ ಉಳಿಯುವುದಿಲ್ಲ. ರಾತ್ರಿಯೆಲ್ಲ ಯಾರಾದರೂ ಎದ್ದಿರಬೇಕು.

ಇನ್ನೊಂದು, ಬೇಸಿಗೆ ಶುರುವಿಗೆ ಬರುವ ಬಾಚುವ ಕಾಲ. ಮನೆಗೆ ದುಡ್ಡು ಬರುವುದೇ ಆಗ. ಚಾಂಗ್‌ಥಾಂಗಿ ಮೇಕೆಯ ಒರಟು ಕೂದಲಿನ ಬುಡದಲ್ಲಿ ತೀರಾ ನಯವಾದ ಇನ್ನೊಂದು ತುಪ್ಪಳ ಇದೆ. ಎಳೆಯ ದಪ್ಪ 12ರಿಂದ 15 ಮೈಕ್ರಾನ್, ನಮ್ಮ ತಲೆಗೂದಲಿನ ಐದನೇ ಒಂದು ಪಾಲು ಅನ್ನಬಹುದು. ಇದೇ ಪಶ್ಮೀನಾ. ಚಳಿ ಹೆಚ್ಚಾದಂತೆ ತುಪ್ಪಳ ಬರುತ್ತದೆ ಎನ್ನುವುದು ಜನರ ನಂಬಿಕೆ. ಅರ್ಧ ಸರಿ. ತುಪ್ಪಳ ಬೆಳೆಯಲು ಶುರುವಾಗುವುದು ಹಗಲು ಚಿಕ್ಕದಾಗುತ್ತ ಹೋದಾಗ, ಉದುರುವುದು ವಸಂತದಲ್ಲಿ ಹಗಲು ಉದ್ದವಾದಾಗ. ಮೈಮೇಲಿನ ಗಡಿಯಾರ ಬಿಸಿಲನ್ನು ನೋಡುತ್ತದೆ. ಆದರೆ ಇಂಥ ತುಪ್ಪಳ ಇರುವ ಮೇಕೆಗಳೇ ಉಳಿದು ಬಂದದ್ದು ಆ ಚಳಿಯಿಂದಾಗಿ.

ಮೇಕೆಯ ಕಾಲು ಕಟ್ಟಿ ಒಂದು ಮಗ್ಗುಲಿಗೆ ಮಲಗಿಸುತ್ತಾರೆ. ತುದಿ ಬಾಗಿದ ಕಬ್ಬಿಣದ ಹಲ್ಲಿನ ಬಾಚಣಿಗೆಯಿಂದ ಕತ್ತಿನಿಂದ ಹೊಟ್ಟೆಯ ಕಡೆಗೆ ಎಳೆಯುತ್ತಾರೆ. ಬುಡದಲ್ಲಿ ಸಡಿಲವಾದ ತುಪ್ಪಳ ಬೂದು, ಬಿಳಿ ಮುದ್ದೆಯಾಗಿ ಹಲ್ಲಿಗೆ ಸುತ್ತಿಕೊಂಡು ಬರುತ್ತದೆ. ಮೇಕೆ ಮೊದಲು ಒದ್ದಾಡುತ್ತದೆ, ಆಮೇಲೆ ಸುಮ್ಮನಾಗುತ್ತದೆ. ಒಂದು ಮಗ್ಗುಲು ಮುಗಿದರೆ ಇನ್ನೊಂದು. ಇಷ್ಟೆಲ್ಲ ಮಾಡಿ ಸಿಗುವುದು ಕಾಲು ಕಿಲೋ ಆಸುಪಾಸು. ಅದರಲ್ಲೂ ಒರಟು ಕೂದಲು, ಮಣ್ಣು ತೆಗೆದರೆ ಅರ್ಧಕ್ಕಿಂತ ಕಡಿಮೆ ಉಳಿಯುತ್ತದೆ. ಒಂದು ಶಾಲಿಗೆ ಎರಡು ಮೂರು ಮೇಕೆಯ ತುಪ್ಪಳ ಬೇಕು.

ಈ ಮುದ್ದೆಗಾಗಿ ಹಿಂದೆ ಯುದ್ಧಗಳೇ ಆಗಿವೆ. 1684ರ ತಿಂಗ್‌ಮೊಸ್‌ಗಾಂಗ್ ಒಪ್ಪಂದದಲ್ಲಿ ಪಶ್ಮ್, ಅಂದರೆ ಈ ತುಪ್ಪಳ, ಎಲ್ಲ ಲಡಾಖ್ ಮೂಲಕ ಕಾಶ್ಮೀರಕ್ಕೇ ಹೋಗಬೇಕು ಎಂದು ಬರೆದುಕೊಂಡರು. 1834ರಲ್ಲಿ ಡೋಗ್ರಾ ದಂಡನಾಯಕ ಜೋರಾವರ್ ಸಿಂಗ್ ಲಡಾಖ್ ಮೇಲೆ ಬಿದ್ದಾಗಲೂ ಈ ವ್ಯಾಪಾರದ ಮೇಲೆ ಕಣ್ಣಿತ್ತು. ಶಾಲಿನ ಹೆಸರು ಕಾಶ್ಮೀರಕ್ಕೆ ಹೋಯಿತು, ತುಪ್ಪಳ ಕೊಟ್ಟವರು ಹಿಂದೆ ಉಳಿದರು. ಈಗ ಚಾಂಗ್‌ಪಾಗಳ ಸಹಕಾರ ಸಂಘ ಇದೆ, ಒರಟು ಕೂದಲು ಬೇರ್ಪಡಿಸುವ ಯಂತ್ರ ಲೇಹ್‌ನಲ್ಲೇ ಇದೆ. ಲಡಾಖ್ ಪಶ್ಮೀನಾಕ್ಕೆ ಭೌಗೋಳಿಕ ಗುರುತೂ ಸಿಕ್ಕಿದೆ. ಜಗತ್ತಿನಲ್ಲಿ ಕ್ಯಾಶ್ಮಿಯರ್ ಎಂಬ ಹೆಸರಲ್ಲಿ ಮಾರಾಟವಾಗುವ ಇಂಥ ಮೇಕೆ ತುಪ್ಪಳದಲ್ಲಿ ಭಾರತದ ಪಾಲು ಶೇಕಡ 1ಕ್ಕೂ ಕಡಿಮೆ. ಬಹುಪಾಲು ಚೀನಾ, ಮಂಗೋಲಿಯಾದಿಂದ ಬರುತ್ತದೆ.

ಪಶ್ಮೀನಾ ದುಡ್ಡು ಇನ್ನೊಂದು ಬದಲಾವಣೆ ತಂದಿದೆ. ಹಿಂದೆ ಕುರಿಗಳೇ ಹೇರು ಹೊರುತ್ತಿದ್ದವು. ತ್ಸೋ ಕರ್ ಸರೋವರದ ದಂಡೆಯ ಉಪ್ಪನ್ನು ಸಣ್ಣ ಚೀಲಗಳಲ್ಲಿ ಕುರಿಯ ಬೆನ್ನಿಗೆ ಹಾಕಿ, ಕೆಳಗಿನ ಊರುಗಳಿಗೂ ಝಂಸ್ಕಾರ್‌ಗೂ ಒಯ್ದು ಬಾರ್ಲಿ ತರುತ್ತಿದ್ದರು. ರಸ್ತೆ ಬಂತು, ಪೇಟೆ ಉಪ್ಪು ಬಂತು, ಪಡಿತರ ಅಕ್ಕಿ ಬಂತು, ಆ ವ್ಯಾಪಾರ ನಿಂತಿತು. ಕುರಿಗಿಂತ ಮೇಕೆ ಲಾಭ ಅನ್ನಿಸಿ ಮಂದೆಯಲ್ಲಿ ಮೇಕೆ ಹೆಚ್ಚಿದವು. ದುಡ್ಡಿನ ಮಟ್ಟಿಗೆ ಸರಿ. ಮೇವಿನ ಮಟ್ಟಿಗೆ, ಹಿಂದೆ ಹೇಳಿದ ಬೇರೆ ಬೇರೆ ಬಾಯಿಗಳ ಲೆಕ್ಕ ತಪ್ಪಿತು.

ಹುಲ್ಲಿನ ನೆಲವೂ ಕುಗ್ಗುತ್ತಿದೆ. 1959ರ ನಂತರ ಟಿಬೆಟ್‌ನಿಂದ ದನಗಾಹಿಗಳೂ ಓಡಿ ಬಂದರು, ಅವರ ಮಂದೆಗಳಿಗೂ ಇಲ್ಲೇ ಜಾಗ ಆಗಬೇಕಾಯಿತು. 1962ರ ಯುದ್ಧದ ಮೇಲೆ ಗಡಿಯಾಚೆಯ ಮೇವು ಕೈಬಿಟ್ಟಿತು. 2020ರಲ್ಲಿ ಚೀನಾ ಜೊತೆ ಆದ ಸಂಘರ್ಷದ ಮೇಲೆ ಎರಡೂ ಸೇನೆ ಹೋಗದ ಬಫರ್ ಪಟ್ಟಿಗಳು ಕೆಲವು ಕಡೆ ಬಂದವು, ಅಲ್ಲಿ ಮೇಯಿಸುವಂತಿಲ್ಲ. 2024ರ ಅಕ್ಟೋಬರ್‌ನಲ್ಲಿ ಡೆಮ್ಚೋಕ್, ದೆಪ್ಸಾಂಗ್ ಕಡೆಗೆ ಗಸ್ತಿನ ಜೊತೆ ಮೇಯಿಸುವುದಕ್ಕೂ ಒಪ್ಪಂದವಾಯಿತು. ಇನ್ನೊಂದು ಬದಿಯಲ್ಲಿ ಪಾಂಗ್‌ನ ಬಯಲಿನಲ್ಲಿ 13 ಗಿಗಾವಾಟ್‌ನ ಸೌರ ವಿದ್ಯುತ್ ಯೋಜನೆ. ಅದರ ವಿದ್ಯುತ್ ಸಾಗಿಸುವ ಮಾರ್ಗಕ್ಕೆ ಕೇಂದ್ರ ಸಂಪುಟ 2023ರಲ್ಲಿ ಒಪ್ಪಿಗೆ ಕೊಟ್ಟಿತು. ನಕಾಶೆಯಲ್ಲಿ ಅದು ಬಂಜರು. ಮೇಯಿಸುವವರಿಗೆ ಅದು ಋತುವಿನ ಕಾವಲು. ನನ್ನ ಮಟ್ಟಿಗೆ ಈ ಇಡೀ ವಿಷಯದಲ್ಲಿ ಹೊರಗಿನವರು ಮಾಡುವ ದೊಡ್ಡ ತಪ್ಪು ಇದೇ, ವರ್ಷದ ಹತ್ತು ತಿಂಗಳು ಖಾಲಿ ಕಾಣುವ ನೆಲವನ್ನು ಯಾರದೂ ಅಲ್ಲ ಅಂದುಕೊಳ್ಳುವುದು.

ಆದರೂ ಗುಡಾರಗಳು ಕಡಿಮೆಯಾಗುತ್ತಿರುವುದಕ್ಕೆ ಹುಲ್ಲಿಗಿಂತ ಹತ್ತಿರದ ಕಾರಣ ಕೈಗಳ ಕೊರತೆ. ಮೇಲೆ ಹೇಳಿದ ಕೆಲಸಗಳನ್ನು ಕೂಡಿಸಿ ನೋಡಿ. ಮೇಕೆ ಕಾಯಲು ಒಬ್ಬರು, ಹಾಲು ಬೆಣ್ಣೆಗೆ ಇಬ್ಬರು, ಮರಿ ನೋಡಲು ಒಬ್ಬರು, ದೂರ ಹೋದ ಯಾಕ್ ಹುಡುಕಲು ಒಬ್ಬರು. ಹಿಂದೆ ಅಣ್ಣತಮ್ಮಂದಿರು ಒಬ್ಬಳನ್ನೇ ಮದುವೆಯಾಗಿ ಮಂದೆ ಒಡೆಯದ ಹಾಗೆ ಒಂದೇ ಮನೆಯಲ್ಲಿ ಇರುತ್ತಿದ್ದರು. 1941ರ ಕಾನೂನು ಆ ಪದ್ಧತಿಯನ್ನು ನಿಷೇಧಿಸಿತು, ಕ್ರಮೇಣ ಅದು ಹೋಯಿತು. ಆಮೇಲೆ ಮಕ್ಕಳು ಶಾಲೆಗೆ ಹೋದರು. ಪೂಗಾದಲ್ಲಿ ಅಲೆಮಾರಿ ಮಕ್ಕಳಿಗೆಂದೇ ವಸತಿ ಶಾಲೆ ಇದೆ. ಲೇಹ್‌ಗೆ ಓದಲು ಹೋದವರೂ ಬಹಳ. ಓದಿದವರು ಸೇನೆ, ಟ್ಯಾಕ್ಸಿ, ಗೆಸ್ಟ್‌ಹೌಸ್ ಕೆಲಸಕ್ಕೆ ಸೇರುತ್ತಾರೆ. ಅದನ್ನು ತಪ್ಪು ಅನ್ನಲು ನಾವು ಯಾರು? ನಮ್ಮ ಮಕ್ಕಳನ್ನು ಮೈನಸ್ 30ರಲ್ಲಿ ಮರಿ ಒರೆಸಲು ಕಳಿಸುತ್ತೇವಾ?

ಒಂದು ಮನೆ ಹೋದರೆ ಉಳಿದವರ ಕೆಲಸ ಹೆಚ್ಚುತ್ತದೆ. ಸರದಿಯಲ್ಲಿ ಮಂದೆ ಕಾಯುವವರು ಕಡಿಮೆ, ಹಿಮ ಬಿದ್ದಾಗ ಹಾದಿ ತೆಗೆಯುವವರು ಕಡಿಮೆ. ಖರ್ನಾಕ್‌ನಿಂದ ಹೋದವರು ಲೇಹ್ ಪಕ್ಕದ ಚೋಗ್ಲಾಮ್‌ಸರ್ ಬಳಿ ಖರ್ನಾಕ್‌ಲಿಂಗ್ ಎಂಬ ಬಡಾವಣೆಯನ್ನೇ ಕಟ್ಟಿಕೊಂಡಿದ್ದಾರೆ. ಮೇಲೆ ಉಳಿದಿರುವುದು ಕೆಲವೇ ಮನೆ. 2013ರಲ್ಲಿ ಭಾರಿ ಹಿಮ ಬಿತ್ತು. ಒಣಹುಲ್ಲು ಹಿಮದ ಕೆಳಗೆ ಹೂತುಹೋಗಿ ಸಾವಿರಾರು ಪ್ರಾಣಿಗಳು, ಅದರಲ್ಲೂ ಮರಿಗಳು ಸತ್ತವು. ಸರ್ಕಾರ ಮೇವು ಕಳಿಸಿತು. ಮೇವು ದಾರಿ ಮುಚ್ಚುವ ಮುಂಚೆಯೇ ಬೀಡಿನ ಹತ್ತಿರ ದಾಸ್ತಾನಿದ್ದರೆ ಮಾತ್ರ ಪ್ರಯೋಜನ, ಅದಕ್ಕೇ ಈಗ ಚಳಿಗಾಲದ ಮೊದಲೇ ಮೇವು ಕೂಡಿಡುವ ಮಾತು ಜಾಸ್ತಿ ಕೇಳಿಬರುತ್ತಿದೆ.

ಪಶ್ಮೀನಾಕ್ಕೆ ಒಳ್ಳೆ ಬೆಲೆ ಸಿಕ್ಕರೆ ಯುವಕರು ಉಳಿಯುತ್ತಾರೆ ಎನ್ನುವವರಿದ್ದಾರೆ. ಬೆಲೆ ಬೇಕು, ಅನುಮಾನವಿಲ್ಲ. ಆದರೆ ಲೇಹ್‌ನಲ್ಲಿ ಮನೆ ಮಾಡಿ, ಮೇಕೆಗಳನ್ನು ಮಾತ್ರ ಮೇಲೆ ನೆಂಟರ ಹತ್ತಿರವೋ ಸಂಬಳದ ಆಳಿನ ಹತ್ತಿರವೋ ಬಿಟ್ಟವರು ಈಗಾಗಲೇ ಇದ್ದಾರೆ. ಬೆಲೆ ಏರಿದರೆ ಇವರು ವಾಪಸ್ ಹೋಗುವುದಿಲ್ಲ, ಇನ್ನೊಬ್ಬ ಆಳನ್ನು ಇಡುತ್ತಾರೆ. ಮಗು ಓದಲು ತಾಯಿಯಿಂದ ನೂರು ಕಿಲೋಮೀಟರ್ ದೂರ ಹೋಗಬೇಕಾದಾಗ ಹೆಂಗಸರೇ ಮೊದಲು ಲೇಹ್ ಕಡೆ ನಡೆಯುತ್ತಾರೆ. ಹಾಲು ಕರೆಯುವವರು, ಬೆಣ್ಣೆ ತೆಗೆಯುವವರು, ಮರಿ ಉಳಿಸುವವರು ಅವರೇ. ಅವರು ಹೊರಟ ಮೇಲೆ ಗಂಡಸು ಒಬ್ಬನೇ ಇನ್ನೂರು ಮೇಕೆ ಇಟ್ಟುಕೊಂಡು ಒಂದು ಚಳಿಗಾಲ ತಳ್ಳಬಹುದು, ಎರಡನೆಯದಕ್ಕೆ ಮೊದಲೇ ಅವುಗಳನ್ನು ಮಾರಿಬಿಡುತ್ತಾನೆ.